ಪಾಚಿ ಕಳೆದ ಮೇಲೆ ಹೊಸ ಮೀನು

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮುಂಜಾನೆ ತಿರುಗಾಡುವುದು ನನ್ನ ಹಳೆಯ ಅಭ್ಯಾಸ. 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಈ ಕೆರೆಯ ನೀರು ಹಸಿರುಗಟ್ಟಿದ್ದನ್ನು ನಾನು ಅನೇಕ ಸಲ ಕಂಡಿದ್ದೇನೆ. ಊರಿನ ಕೊಳಚೆ ಸೇರಿದಾಗ ನೀರಿನಲ್ಲಿ ಸಾರಜನಕ, ರಂಜಕಗಳು ಹೆಚ್ಚುತ್ತವೆ. ಅವೇ ಪಾಚಿಗೆ ಗೊಬ್ಬರ. ಏರಿಯ ಮೇಲೆ ನಿಂತು ಊರವರನ್ನು ದೂರಿದ ನಾನು, ಮನೆಯ 40 ಲೀಟರಿನ ಗಾಜಿನ ತೊಟ್ಟಿಯಲ್ಲಿ ಅದೇ ತಪ್ಪನ್ನು ಮಾಡಿದೆ.

ಮೊಮ್ಮಗನಿಗಾಗಿ ತಂದ ತೊಟ್ಟಿ ಅದು. ಅದರಲ್ಲಿ ಎರಡು ಮೀನುಗಳಿದ್ದವು. ಪೂರ್ವದ ಕಿಟಕಿಯ ಬಳಿ ಇಟ್ಟಿದ್ದೆವು. ಮನೆಗೆ ಬಂದವರೆಲ್ಲ ಒಂದೊಂದು ಚಿಟಿಕೆ ಆಹಾರ ಹಾಕುತ್ತಿದ್ದರು. ಬಿಸಿಲೂ ಉಳಿಕೆಯೂ ಕೂಡಿದ ಮೇಲೆ ಕೇಳಬೇಕೆ? ಹಳಬರು ಹಾವಸೆ ಎನ್ನುತ್ತಿದ್ದ ಪಾಚಿ ಗಾಜನ್ನೆಲ್ಲ ಮುಚ್ಚಿತು. ನಾನು ರೇಗಿ, ಮರಳು, ಕಲ್ಲು, ಶೋಧಕದ ಸ್ಪಂಜು ಎಲ್ಲವನ್ನೂ ನಲ್ಲಿಯ ಕೆಳಗೆ ತಿಕ್ಕಿ ತೊಳೆದು, ತಿಳಿನೀರು ತುಂಬಿ, ಮರುದಿನವೇ ಆರು ಗಂಡು ಗಪ್ಪಿ ಮೀನುಗಳನ್ನು ತಂದುಬಿಟ್ಟೆ. ವಾರದೊಳಗೆ ಅವುಗಳಲ್ಲಿ ನಾಲ್ಕು ಸತ್ತವು. “ತಾತ, ನೀರು ಇಷ್ಟು ಚೊಕ್ಕಟವಾಗಿದೆಯಲ್ಲ, ಯಾಕೆ ಸತ್ತವು?” ಎಂದು ಹುಡುಗ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಬಳಿಕ ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಕಣ್ಣಿಗೆ ತಿಳಿಯಾದ ನೀರೆಲ್ಲ ಮೀನಿಗೆ ಹಿತವಾದ ನೀರಲ್ಲ. ಮೀನು ತನ್ನ ಕಿವಿರುಗಳಿಂದ ಹೊರಹಾಕುವ ಅಮೋನಿಯ ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿಸಿದ ಮೇಲೆ ಮೀನು ತಾಳಿಕೊಳ್ಳಬಲ್ಲದು. ಈ ಉಪಕಾರಿಗಳ ನೆಲೆ ಮರಳು ಮತ್ತು ಸ್ಪಂಜು. ನಲ್ಲಿನೀರಿನ ಕ್ಲೋರಿನ್ ಅವನ್ನು ಕೊಲ್ಲುತ್ತದೆ, ಮೀನಿನ ಕಿವಿರಿಗೂ ಹಾನಿ ಮಾಡುತ್ತದೆ. ಅವು ಮತ್ತೆ ನೆಲೆಗೊಳ್ಳಲು ನಾಲ್ಕಾರು ವಾರ ಬೇಕು. ಪಾಚಿಯೊಡನೆ ನಾನು ಅವನ್ನೂ ತೊಳೆದುಹಾಕಿದ್ದೆ.

ಆದುದರಿಂದ ಪಾಚಿ ಬಂದಾಗ ಅದರ ಮೂಲವನ್ನು ತಡೆಯಬೇಕು. ತೊಟ್ಟಿಯನ್ನು ಬಿಸಿಲಿನಿಂದ ಸರಿಸಿ, ದೀಪವನ್ನು ದಿನಕ್ಕೆ 6ರಿಂದ 8 ಗಂಟೆಗೆ ಮಿತಗೊಳಿಸಬೇಕು. ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟೇ ಆಹಾರ ಹಾಕಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು, ಕ್ಲೋರಿನ್ ಕಳೆದ ನೀರಿನಿಂದ ಬದಲಿಸಬೇಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಬೇಕು. ಪಾಚಿ ತಿನ್ನುವ ಮೀನು ತಂದರೆ ಸಾಕೆನ್ನುವವರುಂಟು. ಆದರೆ ಅದೂ ಹೊಟ್ಟೆಯುಳ್ಳ ಜೀವಿ, ಅದರ ಮಲವೂ ಪಾಚಿಗೆ ಗೊಬ್ಬರವೇ.

ಪರೀಕ್ಷೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯೆಂದು ಕಂಡ ಮೇಲೆಯೇ ಹೊಸ ಮೀನಿನ ಮಾತು. ತಂದ ಮೀನನ್ನು ಮೊದಲು 2ರಿಂದ 4 ವಾರ ಬೇರೊಂದು ತೊಟ್ಟಿಯಲ್ಲಿಟ್ಟು, ರೋಗವಿಲ್ಲವೆಂದು ನೋಡಿಕೊಳ್ಳಬೇಕು. ಅಂಗಡಿಯ ಚೀಲವನ್ನು ಕಾಲು ಗಂಟೆ ನೀರಿನ ಮೇಲೆ ತೇಲಿಸಿ, ತೊಟ್ಟಿಯ ನೀರನ್ನು ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ಮೀನನ್ನು ಮಾತ್ರ ಬಲೆಯಲ್ಲೆತ್ತಿ ಬಿಡಬೇಕು. ಒಂದು ಸಲಕ್ಕೆ ಎರಡಕ್ಕಿಂತ ಹೆಚ್ಚು ಬೇಡ.

ಈಗ ನಮ್ಮ ತೊಟ್ಟಿಯಲ್ಲಿ ಉಳಿದ ನಾಲ್ಕರೊಡನೆ ಎರಡು ಹೊಸ ಮೀನುಗಳಿವೆ. ದಿನದ ಚಿಟಿಕೆ ಹಾಕುವ ಅಧಿಕಾರ ಮೊಮ್ಮಗನೊಬ್ಬನದೇ. ಗಾಜಿನ ಮೂಲೆಯಲ್ಲಿ ತುಸು ಪಾಚಿ ಉಳಿದಿದೆ. ಇರಲಿ ಎಂದು ಬಿಟ್ಟಿದ್ದೇನೆ.