ದೂರದರ್ಶಕಕ್ಕೊಂದು ನಂಬಿಕಸ್ತ ಫೋಕಸರ್

ವಿದ್ಯಾರ್ಥಿಗಳೇ, ಆಕಾಶ ವೀಕ್ಷಣೆಯ ರಾತ್ರಿ ದೂರದರ್ಶಕದ ಮುಂದೆ ಸಾಲಿನಲ್ಲಿ ನಿಂತಿದ್ದೀರಾ? ನಿಮ್ಮ ಸರದಿ ಬಂದಾಗ ಶನಿಗ್ರಹ ಮಸುಕಾಗಿದೆ. ಫೋಕಸ್ ಮಾಡಲು ಪಕ್ಕದ ಗುಂಡಿಯನ್ನು ತಿರುಗಿಸುತ್ತೀರಿ. ಕೈ ತಾಗಿದ ಕೂಡಲೇ ಶನಿ ಗಡಗಡ ನಡುಗುತ್ತದೆ! ಈ ತೊಂದರೆ ತಪ್ಪಿಸಲು ಗುಂಡಿ ತಿರುಗಿಸುವ ಕೆಲಸವನ್ನು ಚಿಕ್ಕ ಮೋಟಾರಿಗೆ ಒಪ್ಪಿಸಬಹುದು. ಅದೇ ಎಲೆಕ್ಟ್ರಾನಿಕ್ ಫೋಕಸರ್.

ಒಂದು ಭೂತಗನ್ನಡಿ ತನ್ನಿ. ಕಿಟಕಿಯ ಎದುರಿನ ಗೋಡೆಗೆ ಬಿಳಿ ಹಾಳೆ ಅಂಟಿಸಿ, ಅದರ ಮುಂದೆ ಭೂತಗನ್ನಡಿಯನ್ನು ಹಿಂದೆ ಮುಂದೆ ಸರಿಸಿ. ಒಂದು ಜಾಗದಲ್ಲಿ ಕಿಟಕಿಯ ತಲೆಕೆಳಗಾದ ಪ್ರತಿಬಿಂಬ ಸ್ಪಷ್ಟವಾಗಿ ಮೂಡುತ್ತದೆ. ತುಸು ಸರಿಸಿದರೂ ಮಸುಕು. (ಭೂತಗನ್ನಡಿಯಿಂದ ಸೂರ್ಯನನ್ನು ಎಂದೂ ನೋಡಬಾರದು.) ದೂರದರ್ಶಕದಲ್ಲಿಯೂ ಹೀಗೆಯೇ. ನಮ್ಮ ಕಣ್ಣು ಅಲ್ಪಸ್ವಲ್ಪ ವ್ಯತ್ಯಾಸಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಆ ಶಕ್ತಿಯಿಲ್ಲ. 20 ಸೆಂಟಿಮೀಟರ್ ವ್ಯಾಸ, 1 ಮೀಟರ್ ಸಂಗಮ ದೂರದ ದೂರದರ್ಶಕದಲ್ಲಿ ಸ್ಪಷ್ಟ ಚಿತ್ರ ಸಿಗುವ ಜಾಗದ ಅಗಲ ಸುಮಾರು 0.06 ಮಿಲಿಮೀಟರ್. ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ!

ಅಷ್ಟೇ ಅಲ್ಲ, ರಾತ್ರಿ ಚಳಿಗೆ ಲೋಹ ಕುಗ್ಗುತ್ತದೆ. ಉಷ್ಣತೆ 10 ಡಿಗ್ರಿ ಇಳಿದರೆ 1 ಮೀಟರ್ ಉದ್ದದ ಅಲ್ಯೂಮಿನಿಯಂ ಕೊಳವೆ ಸುಮಾರು 0.23 ಮಿಲಿಮೀಟರ್ ಗಿಡ್ಡವಾಗುತ್ತದೆ. ಸಂಜೆ ಸರಿಪಡಿಸಿದ ಫೋಕಸ್ ನಡುರಾತ್ರಿ ತಪ್ಪಿರುತ್ತದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ, 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವುದು ನಮ್ಮ ಬೆಂಗಳೂರಿನ ಬಳಿಯ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಕೈಯಿಂದ ಗುಂಡಿ ತಿರುಗಿಸುವ ಮಾತೇ ಇಲ್ಲ.

ಸಾದಾ ಮೋಟಾರು ಸ್ವಿಚ್ಚು ಒತ್ತಿದಷ್ಟು ಹೊತ್ತು ತಿರುಗುತ್ತದೆ. ಎಷ್ಟು ತಿರುಗಿದೆನೆಂದು ಅದಕ್ಕೆ ಗೊತ್ತಿಲ್ಲ. ಸ್ಟೆಪ್ಪರ್ ಮೋಟಾರು ಹಾಗಲ್ಲ. ಸಾಮಾನ್ಯವಾಗಿ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಎಣಿಸಿಕೊಂಡು. ಒಂದು ಸುತ್ತಿಗೆ ಕ್ಯಾಮೆರಾ 20 ಮಿಲಿಮೀಟರ್ ಸರಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಹೆಜ್ಜೆಗೆ ಎಷ್ಟು? 0.1 ಮಿಲಿಮೀಟರ್. ನಮಗೆ ಬೇಕಾದ 0.06ಕ್ಕಿಂತ ಅದು ಹೆಚ್ಚಾಯಿತು! ಅದಕ್ಕೇ ಹಲ್ಲುಚಕ್ರ ಜೋಡಿಸಿ ವೇಗವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸುತ್ತಾರೆ. ಈಗ ಒಂದು ಹೆಜ್ಜೆಗೆ 0.01.

ಆದರೆ ಹಲ್ಲುಚಕ್ರ ಬಂದರೆ ಸಡಿಲವೂ ಬಂತು. ಸೈಕಲ್ ಪೆಡಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಮುಂದಕ್ಕೆ ತುಳಿದು ನೋಡಿ. ಚಕ್ರ ಹಿಡಿಯುವ ಮೊದಲು ಪೆಡಲು ಒಂದಿಷ್ಟು ಖಾಲಿ ಸುತ್ತುತ್ತದೆ. ಇಲ್ಲಿಯೂ ದಿಕ್ಕು ಬದಲಾದಾಗ ಮೊದಲ ಕೆಲವು ಹೆಜ್ಜೆಗಳು ವ್ಯರ್ಥ. ಆದ್ದರಿಂದ ಸರಿಯಾದ ಜಾಗಕ್ಕೆ ಯಾವಾಗಲೂ ಒಂದೇ ದಿಕ್ಕಿನಿಂದ ಬರಬೇಕು.

ಕೊಳ್ಳುವಾಗ ಡಬ್ಬಿಯ ಮೇಲಿನ ಅಂಕಿ ನೋಡಿ ಮರುಳಾಗಬೇಡಿ. ನಾನು ಒಮ್ಮೆ ಮರುಳಾಗಿದ್ದೆ. ಮೋಟಾರು ಹೆಜ್ಜೆ ಎಣಿಸುತ್ತಿತ್ತು, ಕ್ಯಾಮೆರಾದ ಭಾರಕ್ಕೆ ಒಳಕೊಳವೆ ಮೆಲ್ಲಗೆ ಜಾರುತ್ತಿತ್ತು. ಲೆಕ್ಕ ಸರಿ, ಚಂದ್ರ ಮಸುಕು! ಈಗ ನಾನು ಮಾಡುವ ಪರೀಕ್ಷೆ ಇದು: ಕ್ಯಾಮೆರಾ ಜೋಡಿಸಿ ದೂರದರ್ಶಕವನ್ನು ನೆತ್ತಿಯ ಕಡೆಗೆ ತಿರುಗಿಸುತ್ತೇನೆ. ಭಾರ ಪೂರ್ತಿ ಬೀಳುವುದು ಆಗಲೇ. ನಕ್ಷತ್ರವೊಂದನ್ನು ಫೋಕಸ್ ಮಾಡಿ, 2000 ಹೆಜ್ಜೆ ಆಚೆ ಕಳಿಸಿ, ವಾಪಸು ಕರೆಸುತ್ತೇನೆ. ಹತ್ತು ಸಲ ಹೀಗೆ ಮಾಡಿದರೂ ನಕ್ಷತ್ರ ಅದೇ ಚಿಕ್ಕ ಚುಕ್ಕೆಯಾಗಿ ಕಂಡರೆ ಅದು ನಂಬಿಕಸ್ತ. ನಡುವೆ ಕರೆಂಟು ಹೋಗಿ ಬಂದರೆ ಹೆಜ್ಜೆಯ ಲೆಕ್ಕ ಉಳಿದಿರಬೇಕು. ಬ್ಯಾಟರಿ ಮುಗಿದರೆ ಕೈಯಿಂದ ತಿರುಗಿಸಲೂ ಬರಬೇಕು.

ನಿಮ್ಮ ಶಾಲೆಯಲ್ಲಿ ಫೋಟೋ ತೆಗೆಯದೆ ಕಣ್ಣಿನಿಂದಷ್ಟೇ ನೋಡುವುದಾದರೆ ಇದ್ಯಾವುದೂ ಬೇಡ. ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ಗುಂಡಿಗೆ ಸಿಕ್ಕಿಸಿ, ಅದರ ತುದಿಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ. ಶನಿಯ ನಡುಕ ಎಷ್ಟು ಕಡಿಮೆಯಾಗುತ್ತದೆ ನೋಡಿ.