ಹಳೆಯ ಕಲ್ನಾರು ಮಾಡು: ಇಳಿಸುವುದು ಹೇಗೆ, ಇಳಿಸಿದ ಮೇಲೆ ಎಲ್ಲಿಗೆ?

ಪತ್ತನಾಜೆ ಸಮೀಪಿಸುತ್ತಿದ್ದಂತೆ ಕಾಸರಗೋಡಿನ ಮನೆಗಳಲ್ಲಿ ಮಾಡಿನ ಕೆಲಸ ಬಿರುಸಾಗುತ್ತದೆ. ಒಡೆದ ಹೆಂಚು ಬದಲಿಸುವವರು, ಹಟ್ಟಿಯ ಪಕ್ಕಾಸು ಸರಿಪಡಿಸುವವರು, ಅಂಗಳದ ಬದಿಯಲ್ಲಿ ಕಾರು ನಿಲ್ಲಿಸುವ ಶೆಡ್ಡಿನ ಹಳೆಯ ಶೀಟುಗಳನ್ನು ತೆಗೆಸಿ ತಗಡು ಹೊದಿಸುವವರು ಎಲ್ಲರಿಗೂ ಮೊದಲ ಮಳೆಗೆ ಮುನ್ನ ಕೆಲಸ ಮುಗಿಸುವ ಆತುರ. ಹಾಳೆಗಳನ್ನು ಸುತ್ತಿಗೆಯಿಂದ ಬಡಿದು ಸಡಿಲಿಸಿ ಕೆಳಗೆ ದೂಡುವುದು, ಬಿದ್ದು ಒಡೆದ ಚೂರುಗಳನ್ನು ಗುಡಿಸಿ ರಾಶಿ ಹಾಕುವುದು, ಕತ್ತಲಾದ ಮೇಲೆ ಪಿಕಪ್ ವಾಹನದಲ್ಲಿ ತುಂಬಿ ಯಾವುದಾದರೂ ಪಾಳುಬಿದ್ದ ಕೆಂಪುಕಲ್ಲಿನ ಕೋರೆಗೆ ಸುರಿದು ಬರುವುದು ವಾಡಿಕೆಯಾಗಿಬಿಟ್ಟಿದೆ. ಶಾಲೆಗೆ ರಜೆಯ ಕಾಲವಾದುದರಿಂದ ಮಕ್ಕಳೂ ಅಲ್ಲೇ ಸುತ್ತಮುತ್ತ ಆಡುತ್ತಿರುತ್ತಾರೆ. ಮೂವತ್ತು ವರ್ಷ ತಲೆಯ ಮೇಲೆ ಸದ್ದಿಲ್ಲದೆ ಇದ್ದ ವಸ್ತು ಅತ್ಯಂತ ಅಪಾಯಕಾರಿಯಾಗುವುದು ಈ ಅರ್ಧ ದಿನದಲ್ಲಿ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಕಲ್ಲಿನೊಳಗಿನ ನಾರು

ಆಸ್ಬೆಸ್ಟಾಸ್ ಎಂಬುದಕ್ಕೆ ಕನ್ನಡದಲ್ಲಿ ಕಲ್ನಾರು ಎಂಬ ಹೆಸರಿದೆ. ಹೆಸರೇ ಅದರ ಗುಣವನ್ನು ಹೇಳುತ್ತದೆ: ಅದು ನಾರಿನಂತೆ ಎಳೆಎಳೆಯಾಗಿ ಬಿಡಿಸಿಕೊಳ್ಳುವ ಶಿಲೆ. ಬೆಂಕಿಗೆ ಸುಡುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಈ ನಾರನ್ನು ಸಿಮೆಂಟಿಗೆ ಬೆರೆಸಿದರೆ ತೆಳುವಾದರೂ ಗಟ್ಟಿಯಾದ ಹಾಳೆ ಸಿದ್ಧವಾಗುತ್ತದೆ. ಭಾರತದಲ್ಲಿ ಇಂಥ ಹಾಳೆಯ ಮೊದಲ ಕಾರ್ಖಾನೆ 1934ರಲ್ಲಿ ಮಧ್ಯಪ್ರದೇಶದ ಕೈಮೂರಿನಲ್ಲಿ ಆರಂಭವಾಯಿತು.

ಮುಳಿಹುಲ್ಲಿನ ಮಾಡನ್ನು ಪದೇಪದೇ ಹೊಸತಾಗಿ ಹೊದಿಸಬೇಕಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಆ ಕಷ್ಟವನ್ನು ತಪ್ಪಿಸಿತಾದರೂ ಹೆಂಚಿನ ಭಾರಕ್ಕೆ ಪಕ್ಕಾಸು, ರೀಪುಗಳ ಖರ್ಚು ಹೆಚ್ಚು. ಸಿಮೆಂಟು ಶೀಟಿಗಾದರೋ ನಾಲ್ಕು ಅಡ್ಡಪಟ್ಟಿಗಳಿದ್ದರೆ ಸಾಕು. ಹೀಗಾಗಿ ಹಟ್ಟಿ, ಸೌದೆ ಕೊಟ್ಟಿಗೆ, ಬಚ್ಚಲು, ಕಾರು ಶೆಡ್ಡು, ಅನೇಕ ಶಾಲೆಗಳ ಉದ್ದನೆಯ ಕಟ್ಟಡಗಳು ಇವೆಲ್ಲದರ ಮೇಲೆ ಅದು ಬಂದು ಕುಳಿತಿತು. ಅಂದಿನ ಗೃಹಸ್ಥರು ಕೈಗೆಟಕುವ ಬೆಲೆಯ, ಬಾಳಿಕೆ ಬರುವ ಸಾಮಗ್ರಿಯನ್ನು ಆರಿಸಿಕೊಂಡದ್ದು ಸಹಜವೇ ಆಗಿತ್ತು.

ಮಾಡಿನ ಹಾಳೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಎಂಟರಿಂದ ಹತ್ತು ಪಾಲು ಬಿಳಿ ಕಲ್ನಾರು, ಅಂದರೆ ಕ್ರೈಸೊಟೈಲ್, ಇರುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಸಿಮೆಂಟು. ಮೂರು ಮೀಟರು ಉದ್ದದ ಒಂದು ಹಾಳೆ ಸುಮಾರು 40 ಕಿಲೋ ತೂಗುತ್ತದೆ. ಒಂದು ಕಾರು ನಿಲ್ಲುವ ಚಿಕ್ಕ ಶೆಡ್ಡಿಗೆ ಐದು ಹಾಳೆಗಳೆಂದು ಇಟ್ಟುಕೊಂಡರೂ ತೂಕ 200 ಕಿಲೋ. ಅದರಲ್ಲಿ ಕಲ್ನಾರು 16ರಿಂದ 20 ಕಿಲೋ. ಹಾಳೆ ಇಡಿಯಾಗಿರುವ ತನಕ ಈ ನಾರನ್ನು ಸಿಮೆಂಟು ಬಿಗಿಹಿಡಿದಿರುತ್ತದೆ. ಒಡೆದಾಗ, ಕೊಯ್ದಾಗ, ಕೊರೆದಾಗ, ಉಜ್ಜಿದಾಗ ಬಿಡುಗಡೆಯಾಗುವ ಎಳೆಗಳು ತಲೆಕೂದಲಿಗಿಂತ ಎಷ್ಟೋ ಪಾಲು ಸೂಕ್ಷ್ಮ. ಅವು ಕಣ್ಣಿಗೆ ಕಾಣಿಸುವುದಿಲ್ಲ, ಅವುಗಳಿಗೆ ವಾಸನೆಯಿಲ್ಲ. ಗಾಳಿಯಲ್ಲಿ ಗಂಟೆಗಟ್ಟಲೆ ತೇಲಿ ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು.

ತಡವಾಗಿ ಬರುವ ಕಾಯಿಲೆ

ಕಲ್ನಾರಿನ ಎಲ್ಲ ಬಗೆಗಳೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿರ್ಣಯಿಸಿದೆ. ಶ್ವಾಸಕೋಶ ಗಡುಸಾಗಿ ಉಸಿರು ಕಟ್ಟುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊರಪೊರೆಗೆ ತಗಲುವ ಮೆಸೊಥೆಲಿಯೋಮಾ ಇವು ಮುಖ್ಯವಾದವು. ಕೆಲಸದ ಸ್ಥಳಗಳಲ್ಲಿ ಕಲ್ನಾರಿನ ಧೂಳು ಸೇವಿಸಿದ್ದರಿಂದ ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಮಂದಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಧೂಳು ಒಳಹೋದದ್ದಕ್ಕೂ ಕಾಯಿಲೆ ಕಾಣಿಸಿಕೊಳ್ಳುವುದಕ್ಕೂ ನಡುವೆ 20ರಿಂದ 40 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಸರಿಯುತ್ತದೆ. ಆದುದರಿಂದ ಮಕ್ಕಳ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. 30ನೆಯ ವಯಸ್ಸಿನಲ್ಲಿ ಮೊದಲ ಬಾರಿ ಈ ಧೂಳಿಗೆ ಒಡ್ಡಿಕೊಂಡವರಿಗೆ ಹೋಲಿಸಿದರೆ 5ನೆಯ ವಯಸ್ಸಿನಲ್ಲಿ ಒಡ್ಡಿಕೊಂಡ ಮಗುವಿಗೆ ಜೀವಮಾನದಲ್ಲಿ ಮೆಸೊಥೆಲಿಯೋಮಾ ತಗಲುವ ಸಂಭವ ಸುಮಾರು ಐದು ಪಟ್ಟು ಎಂದು ಬ್ರಿಟನ್ನಿನ ಸರಕಾರಿ ತಜ್ಞರ ಸಮಿತಿ 2013ರಲ್ಲಿ ಲೆಕ್ಕ ಹಾಕಿತು. ಮಗುವಿನ ಮುಂದೆ ಬಾಳುವ ವರ್ಷಗಳು ಹೆಚ್ಚು ಇರುವುದೇ ಇದಕ್ಕೆ ಮುಖ್ಯ ಕಾರಣ.

ಒಂದು ದಿನದ ಧೂಳಿನಿಂದ ಕಾಯಿಲೆ ಬಂದೇ ಬರುತ್ತದೆಂದು ಇದರ ಅರ್ಥವಲ್ಲ. ಉಸಿರಿಗೆ ಹೋದ ಎಳೆಗಳು ಹೆಚ್ಚಿದಷ್ಟೂ ಅಪಾಯ ಹೆಚ್ಚು. ಮನೆಯವರಿಗೆ ಇದು ಒಂದು ದಿನದ ಕೆಲಸ. ಆದರೆ ಮಾಡು ಬಿಚ್ಚುವ ಕೂಲಿಯಾಳು ಬೇಸಿಗೆಯುದ್ದಕ್ಕೂ ದಿನಕ್ಕೊಂದು ಮನೆಯಲ್ಲಿ ಇದೇ ಧೂಳನ್ನು ಸೇವಿಸುತ್ತಾನೆ. ಅವನ ಬಟ್ಟೆಗೆ ಅಂಟಿದ್ದು ಅವನ ಮನೆಗೂ ಹೋಗುತ್ತದೆ. ಕಲ್ನಾರು ಕಾರ್ಮಿಕರ ಬಟ್ಟೆ ಒಗೆದ ಮಡದಿಯರಿಗೂ ಕಾಯಿಲೆ ಬಂದ ಉದಾಹರಣೆಗಳು ಅನೇಕ ದೇಶಗಳಲ್ಲಿ ದಾಖಲಾಗಿವೆ.

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನನ್ನು ಕಂಡ ಜಿಲ್ಲೆಗೆ, ಎಣ್ಮಕಜೆಯಂಥ ಗ್ರಾಮಗಳಿಗೆ, ತಡವಾಗಿ ತಿಳಿಯುವ ವಿಷವೆಂದರೇನೆಂದು ಹೊಸದಾಗಿ ವಿವರಿಸಬೇಕಾಗಿಲ್ಲ. ಕಲ್ನಾರಿನ ವಿಷಯದಲ್ಲಿ ತಿಳಿವಳಿಕೆ ಮೊದಲೇ ಸಿಕ್ಕಿದೆ.

ಕಾನೂನು ಎಲ್ಲಿ ನಿಂತಿದೆ?

50ಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ನೆರೆಯ ನೇಪಾಳವೂ 2015ರಲ್ಲಿ ನಿಷೇಧ ಜಾರಿಗೆ ತಂದಿತು. ಭಾರತದಲ್ಲಿ 1986ರಿಂದ ಹೊಸ ಗಣಿಗಳಿಗೆ ಗುತ್ತಿಗೆ ಕೊಡುವುದು ನಿಂತಿತಾದರೂ ಹೊರದೇಶಗಳಿಂದ ತರಿಸಿದ ನಾರಿನಿಂದ ಹಾಳೆ ತಯಾರಿಕೆ ನಡೆಯುತ್ತ ಬಂದಿದೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪು ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ ಕಾದಿಡಬೇಕೆಂದು ವಿಧಿಸಿತು. ಕಾರ್ಖಾನೆಯ ಕಾರ್ಮಿಕನಿಗೆ ಈ ರಕ್ಷಣೆ ದೊರೆಯಿತು. ಮನೆಯ ಮಾಡು ಬಿಚ್ಚಲು ಏಣಿ ಏರುವವನ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಶಾಲೆಗಳ ಕಲ್ನಾರು ಮಾಡುಗಳನ್ನು ಹಂತಹಂತವಾಗಿ ತೆಗೆದು ಹೆಂಚು ಹೊದಿಸಬೇಕೆಂದು ಕೇರಳ ರಾಜ್ಯ ಮಾನವ ಹಕ್ಕುಗಳ ಆಯೋಗ 2009ರ ಜನವರಿಯಲ್ಲಿ ಹೇಳಿತು. ತೆಗೆಯಬೇಕೆಂಬ ಮಾತಿನ ಜೊತೆಗೆ, ತೆಗೆದದ್ದನ್ನು ಏನು ಮಾಡಬೇಕೆಂಬ ವಿಚಾರವೂ ಊರಿನಲ್ಲಿ ಚರ್ಚೆಯಾಗುವುದು ಅಗತ್ಯ.

ತೆಗೆಯಲೇಬೇಕೆ?

ಮಾಡಿನ ಹಾಳೆ ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ಆತುರಪಟ್ಟು ಇಳಿಸಬೇಕಾಗಿಲ್ಲ. ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು. ಮೊಳೆ ಹೊಡೆಯಬಾರದು, ತೂತು ಕೊರೆಯಬಾರದು. ಮಳೆಗಾಲದಲ್ಲಿ ಬೆಳೆದ ಪಾಚಿಯನ್ನು ಕೆರೆದು ತೆಗೆಯಬಾರದು. ಒತ್ತಡದ ನೀರು ಹಾಯಿಸಿ ತೊಳೆಯುವುದಂತೂ ಕೂಡದು. ಆದರೆ ಕಾಸರಗೋಡಿನ ಮಳೆ ಸಿಮೆಂಟನ್ನು ವರ್ಷವರ್ಷವೂ ಸವೆಸುತ್ತದೆ. ಮೇಲ್ಮೈ ಪುಡಿಪುಡಿಯಾಗಿದ್ದರೆ, ಅಂಚಿನಲ್ಲಿ ನಾರು ಎದ್ದು ಕಾಣುತ್ತಿದ್ದರೆ, ತೆಂಗಿನ ಮಡಲೋ ಕಾಯಿಯೋ ಬಿದ್ದು ಒಡೆದಿದ್ದರೆ ಇಳಿಸುವುದೇ ಸರಿ. ನೋಟದಿಂದ ಮಾತ್ರ ಹಾಳೆಯಲ್ಲಿ ಕಲ್ನಾರು ಇದೆಯೋ ಇಲ್ಲವೋ ಎಂದು ಹೇಳಲಾಗದು. ಹಳೆಯ ಸಿಮೆಂಟು ಶೀಟಾದರೆ ಇದೆಯೆಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ.

ಇಳಿಸುವ ದಿನ

ಇಳಿಸುವ ಕೆಲಸಕ್ಕೆ ಅದನ್ನು ಅರಿತವರನ್ನೇ ಕರೆಯಬೇಕು. ಮೊದಲ ಅಪಾಯ ಧೂಳಿನದಲ್ಲ, ಬೀಳುವುದರದ್ದು. ಹಳೆಯ ಹಾಳೆ ಮನುಷ್ಯನ ಭಾರ ತಾಳದೆ ಒಮ್ಮೆಲೇ ಮುರಿಯುತ್ತದೆ. ಅದರ ಮೇಲೆ ನೇರವಾಗಿ ಕಾಲಿಡಬಾರದು. ಚಿಕ್ಕ ಶೆಡ್ಡಾದರೆ ಕೆಳಗಿನಿಂದ ಅಟ್ಟಳಿಗೆ ಕಟ್ಟಿಕೊಂಡು ಬಿಚ್ಚುವುದು ಉತ್ತಮ. ಕಾರನ್ನು, ಸಾಮಾನುಗಳನ್ನು ಮೊದಲೇ ಹೊರಗೊಯ್ದು, ನೆಲಕ್ಕೆ ಪ್ಲಾಸ್ಟಿಕ್ ಹಾಸಬೇಕು. ಮನೆಯ ಕಿಟಕಿ ಬಾಗಿಲುಗಳನ್ನು ಮುಚ್ಚಬೇಕು. ಮಕ್ಕಳನ್ನು ಆ ದಿನ ಅಜ್ಜಿಮನೆಗೋ ನೆಂಟರಲ್ಲಿಗೋ ಕಳುಹಿಸಬೇಕು.

ಹಾಳೆಗಳನ್ನು ಕೆಲಸಕ್ಕೆ ಮುನ್ನವೂ ಕೆಲಸದ ನಡುವೆಯೂ ನೀರಿನಿಂದ ತೋಯಿಸುತ್ತಿರಬೇಕು. ತುಸು ಸಾಬೂನಿನ ದ್ರವ ಬೆರೆಸಿದ ನೀರನ್ನು ತೋಟಕ್ಕೆ ಮದ್ದು ಬಿಡುವ ಕೈಪಂಪಿನಂಥ ಸಾಧನದಿಂದ ಮೆಲ್ಲನೆ ಸಿಂಪಡಿಸಿದರೆ ಸಾಕು. ಆದರೆ ಕೀಟನಾಶಕಕ್ಕೆ ಬಳಸಿದ ಪಂಪು ಬೇಡ. ತುಕ್ಕು ಹಿಡಿದ ಹುಕ್ಕುಗಳನ್ನು ಕಟ್ಟರಿನಿಂದ ಕತ್ತರಿಸಬೇಕೇ ಹೊರತು ಹಾಳೆಯನ್ನು ಬಡಿಯಬಾರದು, ವಿದ್ಯುತ್ ಗರಗಸ ಹಾಯಿಸಬಾರದು. ಇಬ್ಬರು ಹಿಡಿದು ಇಡಿಯಾಗಿ ಇಳಿಸಬೇಕು, ಮೇಲಿನಿಂದ ಎಸೆಯಬಾರದು.

ಮುಖಕ್ಕೆ ಸುತ್ತಿದ ಬೈರಾಸಾಗಲಿ ಆಸ್ಪತ್ರೆಯ ಮಾಮೂಲಿ ಮಾಸ್ಕಾಗಲಿ ಈ ಎಳೆಗಳನ್ನು ತಡೆಯುವುದಿಲ್ಲ. ಪಿ-100 ಅಥವಾ ಎಫ್‌ಎಫ್‌ಪಿ-3 ದರ್ಜೆಯ ಮಾಸ್ಕು ಮುಖಕ್ಕೆ ಬಿಗಿಯಾಗಿ ಕೂರಬೇಕು. ಮೈಮುಚ್ಚುವ, ಒಮ್ಮೆ ಬಳಸಿ ಬಿಡುವ ಮೇಲಂಗಿ ಇರಬೇಕು. ಇವನ್ನು ಒದಗಿಸುವ ಹೊಣೆ ಕೆಲಸ ಮಾಡಿಸುವವರದು. ಕೊನೆಯಲ್ಲಿ ಹಿಡಿಸೂಡಿ ಹಿಡಿಯದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆ, ಮೇಲಂಗಿ, ನೆಲಕ್ಕೆ ಹಾಸಿದ ಪ್ಲಾಸ್ಟಿಕ್, ಚೂರುಗಳು ಎಲ್ಲವನ್ನೂ ತ್ಯಾಜ್ಯದ ಜೊತೆಗೇ ಕಟ್ಟಬೇಕು. ಕೆಲಸದವರು ಅಲ್ಲಿಯೇ ಮಿಂದು ಬೇರೆ ಬಟ್ಟೆ ಉಟ್ಟು ಮನೆಗೆ ಹೋಗುವ ಏರ್ಪಾಡು ಆಗಬೇಕು.

ಇಳಿಸಿದ ಮೇಲೆ

ಇನ್ನು ಹೆಚ್ಚು ಕಷ್ಟದ ಪ್ರಶ್ನೆ. ಹಳೆಯ ಹಾಳೆಯನ್ನು ನೆರೆಯವರ ಕೋಳಿಗೂಡಿಗೆ ಕೊಡುವುದು ಉಪಕಾರವಲ್ಲ. ಅಪಾಯ ಆ ಮನೆಗೆ ವರ್ಗವಾಗುತ್ತದೆ, ಅಷ್ಟೆ. ಪುಡಿಮಾಡಿ ದಾರಿಯ ಹೊಂಡಕ್ಕೆ ತುಂಬಿದರೆ ವಾಹನಗಳು ಅದನ್ನು ದಿನವೂ ಅರೆಯುತ್ತವೆ. ಬೆಂಕಿಗೆ ಹಾಕಿದರೆ ಹಾಳೆ ಸಿಡಿದು ಚೂರಾಗುತ್ತದೆ, ನಾರು ಹಾಗೆಯೇ ಉಳಿಯುತ್ತದೆ. ಕೋರೆಗೆ ಸುರಿದದ್ದನ್ನು ಹತ್ತು ವರ್ಷದ ಬಳಿಕ ಜಾಗ ಸಮತಟ್ಟು ಮಾಡಲು ಬಂದ ಜೆಸಿಬಿ ಮತ್ತೆ ಒಡೆಯುತ್ತದೆ. ಅದನ್ನು ನಡೆಸುವವನಿಗೆ ಅಲ್ಲೇನಿದೆಯೆಂದು ಗೊತ್ತಿರುವುದಿಲ್ಲ. ಮಣ್ಣಿನಲ್ಲಿ ಕಲ್ನಾರು ಕರಗುವುದಿಲ್ಲ. ಹರಿತ ಕರ್ಮ ಸೇನೆಯವರು ಮನೆಬಾಗಿಲಿಗೆ ತರುವ ಚೀಲಕ್ಕೆ ಇದರ ಚೂರುಗಳನ್ನು ಸೇರಿಸುವುದೂ ಅನ್ಯಾಯ. ಅಲ್ಲಿ ಕಸ ವಿಂಗಡಿಸುವುದು ಊರಿನ ಮಹಿಳೆಯರ ಕೈಗಳೇ.

ಸರಿಯಾದ ಕ್ರಮವೆಂದರೆ ಒದ್ದೆಯಾದ ಹಾಳೆಗಳನ್ನು ಇಡಿಯಾಗಿ ಪೇರಿಸಿ, ದಪ್ಪ ಪ್ಲಾಸ್ಟಿಕಿನಿಂದ ಎರಡು ಸುತ್ತು ಸುತ್ತಿ, ಟೇಪಿನಿಂದ ಮುಚ್ಚಿ, ‘ಕಲ್ನಾರು: ಒಡೆಯಬೇಡಿ’ ಎಂದು ಕನ್ನಡ, ಮಲಯಾಳಗಳೆರಡರಲ್ಲೂ ಬರೆಯುವುದು. ಬಿಸಾಡಿದ ಕಲ್ನಾರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ. ಆದರೆ ಆ ನಿಯಮಗಳು ಮುಖ್ಯವಾಗಿ ಕಾರ್ಖಾನೆಗಳನ್ನು ಕಣ್ಣಮುಂದಿಟ್ಟು ರೂಪಿಸಿದವು. ಕೇರಳದಲ್ಲಿ ಇಂಥ ತ್ಯಾಜ್ಯವನ್ನು ಭದ್ರವಾಗಿ ಹೂಳುವ ಸಾಮೂಹಿಕ ಕೇಂದ್ರವಿರುವುದು ಕೊಚ್ಚಿ ಬಳಿಯ ಅಂಬಲಮುಗಳಿನಲ್ಲಿ, ಕಾಸರಗೋಡಿನಿಂದ ಸುಮಾರು 400 ಕಿ.ಮೀ. ದೂರ. ಐದು ಹಾಳೆಯ ಶೆಡ್ಡಿನವರು ಒಬ್ಬೊಬ್ಬರಾಗಿ ಅಷ್ಟು ದೂರ ಸಾಗಿಸುವುದು ನಡೆಯುವ ಮಾತಲ್ಲ. ಒಂದು ವಾರ್ಡಿನ ಇಪ್ಪತ್ತು ಮನೆಗಳೂ ಒಂದು ಶಾಲೆಯೂ ಸೇರಿದರೆ, ಪಂಚಾಯತು ಮುಂದಾಗಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಯೊಡನೆ ಮಾತಾಡಿ ಒಂದು ಲಾರಿಯ ವ್ಯವಸ್ಥೆ ಮಾಡಿದರೆ, ಅದೇ ಕೆಲಸ ಸಾಧ್ಯವಾದೀತು. ಅಲ್ಲಿಯ ತನಕ ಕಟ್ಟನ್ನು ಮಕ್ಕಳ ಕೈಗೆ ಸಿಗದ, ವಾಹನ ಹರಿಯದ ಒಂದು ಮೂಲೆಯಲ್ಲಿ ಮುಚ್ಚಿಡುವುದರಿಂದ ತೊಂದರೆಯಿಲ್ಲ.

ಇದಕ್ಕೆ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಕುಂದುಕೊರತೆಯ ನಿವೇದನೆಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಅರ್ಜಿಯಲ್ಲಿ ಮೂರು ಸಂಗತಿಗಳಿದ್ದರೆ ಸಾಕು: ಹಾಳೆಗಳ ಸಂಖ್ಯೆ ಮತ್ತು ಅಂದಾಜು ತೂಕ, ಅವು ಈಗ ಎಲ್ಲಿವೆ ಎಂಬುದು, ಅವನ್ನು ಯಾವಾಗ ಯಾರು ಒಯ್ಯುವರೆಂಬ ಪ್ರಶ್ನೆ. ಸ್ವೀಕೃತಿಯ ರಶೀದಿಯನ್ನು ಕೇಳಿ ಪಡೆಯಬೇಕು.

ಹೊಸ ಮಾಡಿಗೆ ಹೆಂಚು, ತಗಡು, ಕಲ್ನಾರಿಲ್ಲದ ನಾರುಸಿಮೆಂಟು ಹಾಳೆ ಯಾವುದೂ ಆದೀತು. ಸಿಮೆಂಟು ಹಾಳೆಯಾದರೆ ಕಲ್ನಾರು ರಹಿತವೆಂದು ಬಿಲ್ಲಿನಲ್ಲಿ ಬರೆಯಿಸಿಕೊಳ್ಳಬೇಕು. ಜೂನಿನಲ್ಲಿ ಶಾಲೆ ತೆರೆದು ರಕ್ಷಕ ಶಿಕ್ಷಕ ಸಂಘದ ಮೊದಲ ಸಭೆ ಸೇರಿದಾಗ ರಕ್ಷಕರು ಶಾಲೆಯ ಹಾಗೂ ತಂತಮ್ಮ ಮನೆಗಳ ಹಳೆಯ ಹಾಳೆಗಳ ಲೆಕ್ಕವನ್ನು ಒಂದೇ ಕಾಗದದಲ್ಲಿ ಬರೆದು ಪಂಚಾಯತಿಗೆ ಒಪ್ಪಿಸಿದರೆ ಕೆಲಸಕ್ಕೆ ಒಂದು ಆರಂಭ ದೊರೆಯುತ್ತದೆ.