ಗೃಹ ವಿನ್ಯಾಸ ಮಳಿಗೆ: ಮಾರಾಟಕ್ಕೆ ಮೊದಲು ದಾಖಲೆ

ತರೀಕೆರೆ ಸಮೀಪದ ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ಕ್ರಿ.ಶ. 1196ರಲ್ಲಿ ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು ಕಟ್ಟಿಸಿದನು. ಕವಿ ಜನ್ನನು ರಚಿಸಿದ ಶಾಸನ ಅಲ್ಲಿ ಇಂದಿಗೂ ಇದೆ. ಬರೆದಿಟ್ಟದ್ದು ಎಂಟು ಶತಮಾನ ಬಾಳಿದರೆ, ಬಾಯಿಮಾತು ಎಂಟು ತಿಂಗಳು ಉಳಿಯುವುದೂ ಕಷ್ಟ. ಅಡುಗೆಮನೆ, ಕಪಾಟು, ಫಾಲ್ಸ್ ಸೀಲಿಂಗ್ ಮುಂತಾದ ಒಳಾಂಗಣ ಕೆಲಸಗಳನ್ನು ವಹಿಸಿಕೊಳ್ಳುವ ಹೊಸ ಮಳಿಗೆಗಳು ಇದನ್ನು ಮೊದಲೇ ಅರಿಯುವುದು ಒಳಿತು.

ಪ್ರತಿ ಗ್ರಾಹಕರಿಗೂ ಒಂದು ಪ್ರತ್ಯೇಕ ಕಡತವಿರಬೇಕು. ಅದರಲ್ಲಿ ಗ್ರಾಹಕರು ಸಹಿ ಮಾಡಿದ ಅಳತೆ ನಕ್ಷೆ, ದರಪಟ್ಟಿ ಹಾಗೂ ಒಪ್ಪಂದ ಪತ್ರ ಇರತಕ್ಕದ್ದು. ದರಪಟ್ಟಿಯಲ್ಲಿ ‘ಉತ್ತಮ ಪ್ಲೈವುಡ್’ ಎಂದರೆ ಸಾಲದು; ‘ಐ.ಎಸ್. 710 ಮರೈನ್ ಪ್ಲೈವುಡ್, 18 ಮಿ.ಮೀ.’ ಎಂದು ಸ್ಪಷ್ಟವಾಗಿ ನಮೂದಿಸಬೇಕು.

ತೆರಿಗೆಯ ಬಗ್ಗೆ ಮೌನ ವಹಿಸಿದರೆ ನಷ್ಟ ಖಚಿತ. ಉದಾಹರಣೆಗೆ, ‘ಒಟ್ಟು 4,00,000 ರೂ.’ ಎಂದಷ್ಟೇ ಬರೆದ ಕೆಲಸಕ್ಕೆ ಶೇ. 18ರ ಜಿ.ಎಸ್.ಟಿ. ಅನ್ವಯವಾಗುತ್ತದೆ ಎನ್ನೋಣ. ತೆರಿಗೆ ಪ್ರತ್ಯೇಕವೆಂದು ಬರೆದಿದ್ದರೆ ಗ್ರಾಹಕರಿಂದ 72,000 ರೂ. ಹೆಚ್ಚುವರಿಯಾಗಿ ಪಡೆಯಬಹುದಿತ್ತು. ಬರೆಯದಿದ್ದಲ್ಲಿ, ಗ್ರಾಹಕರು ಹೆಚ್ಚು ಕೊಡಲು ಒಪ್ಪದಿದ್ದರೆ, ಅದೇ ಮೊತ್ತದಿಂದ ಸುಮಾರು 61,017 ರೂ. ತೆರಿಗೆಗೆ ಹೋಗುತ್ತದೆ. ಸಣ್ಣ ಉದ್ಯಮಿಯ ಲಾಭವೆಲ್ಲ ಅದರಲ್ಲೇ ಕರಗಬಹುದು.

ಮುಂಗಡದ ವಿಷಯದಲ್ಲೂ ಎಚ್ಚರ ಅಗತ್ಯ. ಸಿದ್ಧ ಪೀಠೋಪಕರಣವನ್ನು ಮಾರಿದರೆ ಅದು ಸರಕು. 2017ರ ನವೆಂಬರ್ 15ರಿಂದ ಸರಕಿನ ಮುಂಗಡಕ್ಕೆ ಸಾಮಾನ್ಯ ನೋಂದಣಿದಾರರು ಪಡೆದೊಡನೆ ತೆರಿಗೆ ಕಟ್ಟಬೇಕಿಲ್ಲ. ಆದರೆ ಕಟ್ಟಡಕ್ಕೆ ಸೇರಿಹೋಗುವಂತೆ ಸಾಮಗ್ರಿ ಸಹಿತ ಮಾಡಿಕೊಡುವ ಕಾಮಗಾರಿ ‘ವರ್ಕ್ಸ್ ಕಾಂಟ್ರ್ಯಾಕ್ಟ್’ ಎನಿಸಿದರೆ ಅದು ಸೇವೆ. ಅದರ ಮುಂಗಡ ಕೈಸೇರಿದಾಗಲೇ ತೆರಿಗೆ ಹೊಣೆ ಉಂಟಾಗುತ್ತದೆ. ರಿಸೀಟ್ ವೋಚರ್ ಕೊಡಬೇಕಾಗುತ್ತದೆ. ಆದ್ದರಿಂದ ಕೆಲಸದ ಸ್ವರೂಪವನ್ನು ಒಪ್ಪಂದದಲ್ಲೇ ನಿರ್ಧರಿಸತಕ್ಕದ್ದು.

ಒಂದೇ ವ್ಯವಹಾರಕ್ಕೆ 2 ಲಕ್ಷ ರೂ. ಅಥವಾ ಅದಕ್ಕೂ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಸ್ವೀಕರಿಸುವುದಕ್ಕೆ ಆದಾಯ ತೆರಿಗೆ ಕಾನೂನು ಅವಕಾಶ ಕೊಡುವುದಿಲ್ಲ. ಕಂತುಗಳಾಗಿ ಒಡೆದು ಪಡೆದರೂ ನಿಯಮ ತಪ್ಪದು.

ಮಧ್ಯದಲ್ಲಿ ಗ್ರಾಹಕರು ಬಣ್ಣ, ಲ್ಯಾಮಿನೇಟ್ ಅಥವಾ ಅಳತೆ ಬದಲಿಸಿದರೆ, ಹೆಚ್ಚುವರಿ ದರ ಮತ್ತು ದಿನಗಳನ್ನು ಬರೆದು ಸಹಿ ಪಡೆದ ಬಳಿಕವೇ ಕೆಲಸ ಮುಂದುವರಿಸಬೇಕು. ಕೆಲಸ ಮುಗಿದಾಗ ಹಸ್ತಾಂತರ ಪತ್ರಕ್ಕೂ ಸಹಿ ಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಂತೆ ವ್ಯಾಜ್ಯಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಗ್ರಾಹಕರು ಆಯೋಗಕ್ಕೆ ದೂರು ಸಲ್ಲಿಸಬಹುದು. ಜಿ.ಎಸ್.ಟಿ. ಲೆಕ್ಕಪತ್ರಗಳನ್ನಂತೂ ಆಯಾ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು.

ಇಷ್ಟನ್ನೂ ಕೇಳಿದರೆ ಪರಿಚಿತ ಗ್ರಾಹಕರು ಬೇಸರಿಸಿಯಾರು ಎಂಬ ಸಂಕೋಚ ಸಹಜ. ಆದರೆ ಸಣ್ಣ ಊರಿನಲ್ಲಿ ವ್ಯಾಪಾರ ಹಾಗೂ ಸ್ನೇಹ ಎರಡೂ ಉಳಿಯಬೇಕಾದರೆ ಲೆಕ್ಕ ಸ್ಪಷ್ಟವಾಗಿರಲೇಬೇಕು.